ಮೇಲಿಂದ ಮೇಲೆ ಸೈನಸ್ ಆಗುತ್ತಿದೆಯೇ? ಮೊದಲು ದಾರಿ ಬಿಡಿಸಿ

ಜೋಳದ ರಾಶಿ ಶುರುವಾದರೆ ಸಾಕು, ವಿಜಯಪುರ, ಬಾಗಲಕೋಟೆ ಕಡೆಯ ಔಷಧ ಅಂಗಡಿಗಳಲ್ಲಿ ಒಂದು ಮಾತು ಕೇಳಿಬರುತ್ತದೆ. "ಅಣ್ಣಾರ, ಸೈನಸ್ ಆಗೇತ್ರಿ, ಏನರ ಕೊಡ್ರಿ." ಮೂರು ಆಂಟಿಬಯಾಟಿಕ್ ಮಾತ್ರೆ, ಒಂದಿಷ್ಟು ನೆಗಡಿ ಮಾತ್ರೆ, ಮೂಗಿಗೆ ಹಾಕುವ ಹನಿಯ ಬಾಟಲಿ ಕೈಗೆ ಬರುತ್ತವೆ. ವಾರದೊಳಗೆ ತಲೆ ಹಗುರವಾಗುತ್ತದೆ. ಒಂದೆರಡು ತಿಂಗಳಿಗೆ ಮತ್ತೆ ಅದೇ ಕಟ್ಟಿದ ಮೂಗು, ಅದೇ ಅಂಗಡಿ.

ಸೈನಸ್ ಅಂದರೆ ರೋಗದ ಹೆಸರಲ್ಲ, ಎಲ್ಲರ ಮುಖದ ಮೂಳೆಯೊಳಗೂ ಇರುವ ಟೊಳ್ಳು ಗೂಡು. ಒಟ್ಟು ನಾಲ್ಕು ಜೋಡಿ: ಕೆನ್ನೆಯಲ್ಲಿ, ಹಣೆಯಲ್ಲಿ, ಕಣ್ಣುಗಳ ನಡುವೆ, ಮೂಗಿನ ತೀರಾ ಹಿಂದೆ. ಒಳಗೋಡೆಯಲ್ಲಿ ಸದಾ ತೆಳು ಲೋಳೆ ಒಸರುತ್ತದೆ. ಕಣ್ಣಿಗೆ ಕಾಣದ ಸಣ್ಣ ರೋಮಗಳು ಅದನ್ನು ತಳ್ಳಿ ತಳ್ಳಿ, ಕಿರಿದಾದ ತೂತಿನ ಮೂಲಕ ಮೂಗಿಗೆ ಸಾಗಿಸುತ್ತವೆ. ಕೆನ್ನೆಯ ಗೂಡಿನದ್ದು ಇನ್ನೂ ತಮಾಷೆ. ಅದರ ತೂತು ಇರುವುದು ಮೇಲ್ಭಾಗದಲ್ಲಿ. ಅಂದರೆ ಲೋಳೆ ಕೆಳಗಿನಿಂದ ಮೇಲಕ್ಕೆ ಹತ್ತಿ ಹೊರಬರಬೇಕು. ನೆಗಡಿಯಿಂದಲೋ ಧೂಳಿನ ಅಲರ್ಜಿಯಿಂದಲೋ ಆ ತೂತಿನ ಸುತ್ತ ಸ್ವಲ್ಪ ಊದಿಕೊಂಡರೂ ದಾರಿ ಬಂದ್. ಒಳಗೆ ನಿಂತ ಲೋಳೆಯಲ್ಲಿ ರೋಗಾಣು ಬೆಳೆಯುತ್ತವೆ. ಬಚ್ಚಲ ಮೋರಿ ಕಟ್ಟಿಕೊಂಡಾಗ ಕಸ ತೆಗೆಯದೆ ಬರೀ ಫಿನಾಯಿಲ್ ಸುರಿದರೆ ಏನಾಗುತ್ತದೆ? ವಾಸನೆ ಎರಡು ದಿನ ಹೋಗುತ್ತದೆ, ಅಷ್ಟೇ. ಮೇಲಿಂದ ಮೇಲೆ ಸೈನಸ್ ಆಗುವವರು ಹುಡುಕಬೇಕಾದ್ದು ಇನ್ನೂ ಜೋರಾದ ಮಾತ್ರೆಯನ್ನಲ್ಲ. ದಾರಿ ಯಾಕೆ ಕಟ್ಟುತ್ತಿದೆ ಅನ್ನೋದನ್ನು.

ಮೊದಲ ಕೆಲಸ: ಇದು ಸೈನಸ್ಸೇ ಹೌದಾ ನೋಡಿ

ನಮ್ಮ ಕಡೆ ಹಣೆ ನೋವು ಬಂದರೆ ಸಾಕು, ಸೈನಸ್ ಅಂತ ಹೆಸರಿಟ್ಟು ಬಿಡುತ್ತೇವೆ. ಹಾಗೆ ಹೇಳಿಕೊಂಡು ತಿರುಗುವವರಲ್ಲಿ ಬಹಳ ಮಂದಿಗೆ ನಿಜವಾಗಿ ಇರುವುದು ಮೈಗ್ರೇನ್. ಮೂಗು ಕಟ್ಟಿಲ್ಲ, ದಪ್ಪ ಸಿಂಬಳ ಇಲ್ಲ, ಬರೀ ತಲೆನೋವು. ಅದೂ ಒಂದು ಕಡೆ ಬಡಿಯುವ ಹಾಗೆ. ಜೊತೆಗೆ ವಾಕರಿಕೆ, ಬೆಳಕು ಕಂಡರೆ ಆಗೋದಿಲ್ಲ, ಕತ್ತಲ ಕೋಣೆಯಲ್ಲಿ ಮಲಗಬೇಕು ಅನಿಸುತ್ತದೆ. ಹೀಗಿದ್ದರೆ ಮೈಗ್ರೇನ್ ಕಡೆ ಯೋಚಿಸಿ. ಮೈಗ್ರೇನ್‌ನಲ್ಲೂ ಕೆಲವರಿಗೆ ಮೂಗು, ಕಣ್ಣಲ್ಲಿ ನೀರು ಬರುತ್ತದೆ, ಗೊಂದಲ ಆಗುವುದು ಅದರಿಂದಲೇ. ಅದರ ಔಷಧವೇ ಬೇರೆ.

ಸಾಲುಸಾಲು ಸೀನು, ಮೂಗಿನಲ್ಲಿ ಕಣ್ಣಿನಲ್ಲಿ ತುರಿಕೆ, ನೀರಿನಂಥ ಸಿಂಬಳ ಇದ್ದರೆ ಅದು ಅಲರ್ಜಿ. ಸೈನಸ್ ಸೋಂಕು ಅನ್ನಬೇಕಾದರೆ ಮೂಗು ಕಟ್ಟಿರಬೇಕು, ಇಲ್ಲವೇ ದಪ್ಪ ಸಿಂಬಳ ಮೂಗಿನಿಂದಲೋ ಗಂಟಲ ಹಿಂದಿನಿಂದಲೋ ಇಳಿಯುತ್ತಿರಬೇಕು. ಅದರ ಜೊತೆ ಮುಖದಲ್ಲಿ ಭಾರ, ನೋವು, ಅಥವಾ ವಾಸನೆ ತಿಳಿಯದಿರುವುದು.

ಇನ್ನು ದಿನಗಳ ಲೆಕ್ಕ. 4 ವಾರದೊಳಗೆ ಮುಗಿದರೆ ತಾತ್ಕಾಲಿಕ ಸೈನಸ್. 12 ವಾರ ದಾಟಿದರೂ ಬಿಡದಿದ್ದರೆ ದೀರ್ಘಕಾಲದ್ದು. ವರ್ಷಕ್ಕೆ 4 ಸಲ ಅಥವಾ ಅದಕ್ಕಿಂತ ಜಾಸ್ತಿ ಬಂದು, ನಡುವೆ ಪೂರ್ತಿ ಆರಾಮ ಇದ್ದರೆ ಅದು ಮರುಕಳಿಸುವ ಸೈನಸ್. ನಿಮ್ಮದು ಯಾವುದು ಅಂತ ಡಾಕ್ಟರಿಗೆ ಹೇಳಲು ಬರಬೇಕು. ಹಾಗಾಗಿ ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿ: ಶುರುವಾದ ದಿನ, ಬಿಟ್ಟ ದಿನ, ತಗೊಂಡ ಔಷಧ, ಹಿಂದಿನ ದಿನ ಮಾಡಿದ ಕೆಲಸ. ಕೊನೆಯದ್ದು ಬಹಳ ಮುಖ್ಯ.

ನಿಮ್ಮ ಮೂಗು ಯಾವುದಕ್ಕೆ ಮುನಿಯುತ್ತದೆ?

ನಾಲ್ಕೈದು ತಿಂಗಳು ಗುರುತು ಹಾಕಿದರೆ ಏನೋ ಒಂದು ಕಾಣಿಸತೊಡಗುತ್ತದೆ. ಹಿಂಗಾರಿ ಜೋಳ ಒಕ್ಕುವಾಗ ಏಳುವ ಸುಂಕು ಕೆಲವರಿಗೆ. ಮುಧೋಳ, ಜಮಖಂಡಿ, ಅಥಣಿ, ಗೋಕಾಕ ಕಡೆ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುತ್ತಾರಲ್ಲ, ಆ ಹೊಗೆ ಇನ್ನು ಕೆಲವರಿಗೆ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಹಾರಾಡುವ ಹತ್ತಿಯ ನವಿರು, ಇಳಕಲ್ಲಿನ ಗ್ರಾನೈಟ್ ಪುಡಿ, ನಿಪ್ಪಾಣಿಯ ತಂಬಾಕಿನ ಘಾಟು, ದ್ರಾಕ್ಷಿ ಪಡದಲ್ಲಿ ಹೊಡೆಯುವ ಗಂಧಕದ ಪುಡಿ. ಇವೆಲ್ಲ ಹೊಟ್ಟೆಪಾಡು. ಕೆಲಸ ಬಿಡಿ ಅನ್ನುವುದು ಸುಲಭ, ಬಿಡಲಿಕ್ಕಾಗುವುದಿಲ್ಲ. ಆದರೆ ಮುಖಕ್ಕೆ ಸುತ್ತಿಕೊಳ್ಳುವ ಟವೆಲ್ ದಪ್ಪ ಧೂಳನ್ನಷ್ಟೇ ತಡೆಯುತ್ತದೆ. ಸಣ್ಣ ಧೂಳಿಗೆ ಮೂಗು, ಗದ್ದಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು. ಮನೆಗೆ ಬಂದ ಕೂಡಲೇ ಮುಂದೆ ಹೇಳುವ ಹಾಗೆ ಮೂಗು ತೊಳೆಯಬೇಕು.

ಹೊಲದ ಬದು, ಖಾಲಿ ಸೈಟು ಎಲ್ಲೆಡೆ ಬೆಳೆಯುವ ಕಾಂಗ್ರೆಸ್ ಕಸ ಹೂ ಬಿಟ್ಟಾಗ ಅದರ ಪರಾಗ ಅಲರ್ಜಿ ಎಬ್ಬಿಸುತ್ತದೆ. ಕೀಳುವುದಾದರೆ ಹೂ ಬಿಡುವ ಮೊದಲೇ ಕೀಳಿಸಿ. ಅಲರ್ಜಿ ಇದ್ದವರು ಕೈ ಹಾಕಬೇಡಿ.

ಬೆಳಗಾವಿ, ಖಾನಾಪುರದ ಲೆಕ್ಕ ಬೇರೆ. ಅಲ್ಲಿ ಮಳೆಗಾಲದ ತೇವಕ್ಕೆ ಗೋಡೆ, ಕಪಾಟಿನ ಹಿಂಭಾಗ ಬೂಸು ಹಿಡಿಯುತ್ತದೆ. ಬೂಸಿನ ಕಣ ಮೂಗಿಗೆ ಶತ್ರು. ಮೇಲೆ ಸುಣ್ಣ ಬಳಿದು ಮುಚ್ಚಿದರೆ ಒಂದು ಮಳೆಗೆ ಮತ್ತೆ ಏಳುತ್ತದೆ. ಸೋರಿಕೆ ನಿಲ್ಲಿಸಿ, ಕಪಾಟನ್ನು ಗೋಡೆಯಿಂದ ಗೇಣು ದೂರ ಸರಿಸಿ, ಮಳೆ ಬಿಟ್ಟಾಗ ಕಿಟಕಿ ತೆರೆಯಿರಿ.

ಮೂಗು ತೊಳೆಯುವುದು: ಇದನ್ನು ಸರಿಯಾಗಿ ಕಲಿಯಿರಿ

ಈ ಬರಹದಲ್ಲಿ ಒಂದನ್ನು ಮಾತ್ರ ಮಾಡುತ್ತೇನೆ ಅನ್ನುವವರು ಇದನ್ನೇ ಆರಿಸಿಕೊಳ್ಳಿ. ಉಪ್ಪುನೀರು ಲೋಳೆಯನ್ನು ತೆಳುಮಾಡಿ, ಧೂಳು, ಪರಾಗವನ್ನು ತೊಳೆದು ಹಾಕುತ್ತದೆ. ಯೋಗ ಕಲಿತವರಿಗೆ ಜಲನೇತಿ ಗೊತ್ತೇ ಇದೆ. ಇಲ್ಲದವರು ಔಷಧ ಅಂಗಡಿಯಲ್ಲಿ ಮೂಗು ತೊಳೆಯುವ ಬಾಟಲಿ ಕೇಳಿ. 240 ಮಿ.ಲೀ. ಆಸುಪಾಸಿನ, ಒತ್ತಿದರೆ ನೀರು ಬರುವ ಮೆತ್ತನೆ ಬಾಟಲಿ. ಜೊತೆಗೆ ಉಪ್ಪಿನ ಪುಡಿಯ ಪೊಟ್ಟಣವೂ ಸಿಗುತ್ತದೆ.

ನೀರಿನ ವಿಷಯದಲ್ಲಿ ಹುಡುಗಾಟ ಬೇಡ. ನಲ್ಲಿ, ಬೋರು, ಬಾವಿ, ಊರಿನ ಶುದ್ಧ ನೀರಿನ ಘಟಕ, ಯಾವುದರ ನೀರನ್ನೂ ನೇರವಾಗಿ ಮೂಗಿಗೆ ಬಿಡಬಾರದು. ಕುಡಿಯಲು ಯೋಗ್ಯವಾದ ನೀರು ಮೂಗಿಗೆ ಯೋಗ್ಯ ಅಂತ ಅಲ್ಲ. ನೇಗ್ಲೇರಿಯಾ ಅನ್ನುವ ಅಮೀಬಾ ಹೊಟ್ಟೆಗೆ ಹೋದರೆ ಏನೂ ಮಾಡದು, ಮೂಗಿನ ಮೂಲಕ ಹೋದರೆ ಮಿದುಳಿಗೆ ಹತ್ತುತ್ತದೆ. ಬಲು ಅಪರೂಪ, ಆದರೆ ಬಂದರೆ ಉಳಿಯುವವರು ಕಡಿಮೆ. ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದ ಇಂಥ ಮಿದುಳು ಜ್ವರದಿಂದ ಜನ ಸತ್ತ ಸುದ್ದಿ ನೀವೂ ಓದಿರಬಹುದು. ನೀರನ್ನು ಕೊತಕೊತ ಕುದಿಸಿದರೆ ಅದು ಸಾಯುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಯಾಕೆ ಸೋಮಾರಿತನ?

ಮಾಡುವ ಕ್ರಮ ಹೀಗೆ:

1. ಕುಡಿಯುವ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಸಿ. ಕುದಿ ಬಂದ ಮೇಲೆ ಕನಿಷ್ಠ 1 ನಿಮಿಷ ಕುದಿಯಲಿ, ಜಾಸ್ತಿಯಾದರೆ ತೊಂದರೆ ಇಲ್ಲ. ಮುಚ್ಚಿಟ್ಟು ಉಗುರುಬೆಚ್ಚಗೆ ಆರಿಸಿ. ಅವತ್ತಿನದು ಅವತ್ತೇ ಬಳಸಿ.

2. ಪೊಟ್ಟಣ ಇದ್ದರೆ ಅದರ ಮೇಲೆ ಬರೆದಷ್ಟು ನೀರಿಗೆ ಬೆರೆಸಿ. ಮನೆಯಲ್ಲೇ ಮಾಡುವುದಾದರೆ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸಪಾಟಾಗಿ ತುಂಬಿದ ಒಂದೂವರೆ ಟೀ ಚಮಚ. ಅರ್ಧ ಚಮಚ ಅಡುಗೆ ಸೋಡಾ ಸೇರಿಸಿದರೆ ಉರಿ ಕಡಿಮೆ. ಅಯೋಡಿನ್ ಇಲ್ಲದ, ಸ್ವಚ್ಛವಾದ ಪುಡಿ ಉಪ್ಪು ಒಳ್ಳೆಯದು. ಅದನ್ನು ಹುಡುಕುವ ತಾಪತ್ರಯಕ್ಕಿಂತ ಪೊಟ್ಟಣವೇ ವಾಸಿ ಅಂತ ನನ್ನ ಅಭಿಪ್ರಾಯ.

3. ಬೇಸಿನ್ ಅಥವಾ ಬಚ್ಚಲ ಮುಂದೆ ಬಗ್ಗಿ, ತಲೆಯನ್ನು ತುಸು ಒಂದು ಕಡೆ ವಾಲಿಸಿ. ಬಾಯಿ ತೆರೆದು ಬಾಯಿಂದಲೇ ಉಸಿರಾಡಿ. ಮೇಲಿನ ಹೊಳ್ಳೆಗೆ ಬಾಟಲಿ ಹಿಡಿದು ಮೆಲ್ಲಗೆ ಒತ್ತಿ. ನೀರು ಇನ್ನೊಂದು ಹೊಳ್ಳೆಯಿಂದ ಇಳಿಯುತ್ತದೆ. ಅರ್ಧ ಬಾಟಲಿ ಈ ಕಡೆ, ಅರ್ಧ ಆ ಕಡೆ.

4. ಮುಗಿದ ಮೇಲೆ ಮುಂದಕ್ಕೆ ಬಗ್ಗಿ, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಒಳಗೆ ನಿಂತ ನೀರು ಇಳಿಸಿ. ಮೆಲ್ಲಗೆ, ಒಂದೊಂದೇ ಹೊಳ್ಳೆಯಿಂದ ಸೀದಿ. ಎರಡನ್ನೂ ಒತ್ತಿ ಜೋರಾಗಿ ಸೀದಿದರೆ ಸಿಂಬಳ ಕಿವಿಯ ಕಡೆ ಹೋಗುತ್ತದೆ.

5. ಬಾಟಲಿಯನ್ನು ಸೋಪು ಹಾಕಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಿ, ಬೋರಲು ಹಾಕಿ ಒಣಗಿಸಿ. ಮೂರು ತಿಂಗಳಿಗೊಮ್ಮೆ ಹೊಸದು ತನ್ನಿ. ಒಬ್ಬರ ಬಾಟಲಿ ಒಬ್ಬರಿಗೇ.

ಮೊದಲೆರಡು ದಿನ ಮುಜುಗರ ಆಗುತ್ತದೆ, ನೀರು ಗಂಟಲಿಗೂ ಇಳಿಯಬಹುದು. ಉಗುಳಿದರೆ ಆಯಿತು. ಉರಿ ಎದ್ದರೆ ಉಪ್ಪಿನ ಅಳತೆ ತಪ್ಪಿದೆ ಅಂತ ಅರ್ಥ. ಬರೀ ನೀರು ಹಾಕಿದರಂತೂ ಕಣ್ಣಲ್ಲಿ ನೀರು ಬರುವಷ್ಟು ಉರಿಯುತ್ತದೆ. ಮೂಗು ಪೂರ್ತಿ ಕಟ್ಟಿದ್ದರೆ ಒತ್ತಡ ಹಾಕಬೇಡಿ. ಕಿವಿ ನೋವಿದ್ದಾಗ ಬೇಡ. ಮಲಗುವ ಗಳಿಗೆಯಲ್ಲಿ ಮಾಡಿದರೆ ಉಳಿದ ನೀರು ರಾತ್ರಿಯಿಡೀ ಸೋರುತ್ತದೆ, ಒಂದು ತಾಸು ಮೊದಲೇ ಮುಗಿಸಿ. ಸೋಂಕು ಇರುವಾಗ ದಿನಕ್ಕೆ ಎರಡು ಸಲ, ಧೂಳಿನ ಕಾಲದಲ್ಲಿ ದಿನಕ್ಕೊಮ್ಮೆ ಸಾಕು.

ಸ್ಪ್ರೇ ಬೇರೆ, ಹನಿ ಬೇರೆ

ಇವೆರಡನ್ನು ಒಂದೇ ಅಂದುಕೊಂಡು ಕಷ್ಟಕ್ಕೆ ಸಿಕ್ಕಿಕೊಂಡವರು ಬಹಳ.

ಆಕ್ಸಿಮೆಟಾಜೋಲಿನ್, ಝೈಲೋಮೆಟಾಜೋಲಿನ್ ಹನಿಗಳು ಎರಡೇ ನಿಮಿಷದಲ್ಲಿ ಮೂಗು ಬಿಡಿಸುತ್ತವೆ. ಅಷ್ಟು ಬೇಗ ಸುಖ ಕೊಡುವುದೇ ಅವುಗಳ ತೊಂದರೆ. 3 ದಿನ, ಬಹಳ ಅಂದರೆ 5 ದಿನ. ಅದಕ್ಕಿಂತ ಮುಂದುವರಿಸಿದರೆ ಔಷಧ ಇಳಿದ ಕೂಡಲೇ ಮೂಗು ಮೊದಲಿಗಿಂತ ಜಾಸ್ತಿ ಊದುತ್ತದೆ. ಮತ್ತೆ ಹನಿ, ಮತ್ತೆ ಊತ. ದಿಂಬಿನ ಕೆಳಗೆ ಬಾಟಲಿ ಇಟ್ಟುಕೊಂಡೇ ಮಲಗುವವರು ನಮ್ಮ ಓಣಿಯಲ್ಲೇ ಇದ್ದಾರೆ. ಆ ಚಟಕ್ಕೆ ಬಿದ್ದಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಬಿಡಿಸುವ ದಾರಿ ಇದೆ. ಬಿಪಿ ಇದ್ದವರು ಈ ಹನಿಯನ್ನೂ ನೆಗಡಿ ಮಾತ್ರೆಯನ್ನೂ ಕೇಳದೆ ತಗೊಳ್ಳಬಾರದು.

ಫ್ಲೂಟಿಕಾಸೋನ್, ಮೊಮೆಟಾಸೋನ್ ಸ್ಪ್ರೇ ಬೇರೆ ಜಾತಿ. ಇವು ಸ್ಟೀರಾಯ್ಡ್. ಹೆಸರು ಕೇಳಿ ಹೌಹಾರಬೇಡಿ. ಒಂದು ಸಲ ಒತ್ತಿದರೆ ಬರುವುದು ಸಾಮಾನ್ಯವಾಗಿ 50 ಮೈಕ್ರೋಗ್ರಾಂ, ಅದರಲ್ಲೂ ರಕ್ತಕ್ಕೆ ಸೇರುವುದು ಅತಿ ಕಡಿಮೆ. ಊತ ಇಳಿಸಿ ದಾರಿ ತೆರೆದಿಡುವುದೇ ಇದರ ಕೆಲಸ. ಆದರೆ ಹಾಕಿದ ದಿನವೇ ಗುಣ ಕಾಣುವುದಿಲ್ಲ. ಕೆಲವು ದಿನದಿಂದ ಎರಡು ವಾರ ಹಿಡಿಯುತ್ತದೆ. ಎರಡು ದಿನ ಹಾಕಿ "ಏನೂ ಉಪಯೋಗ ಇಲ್ಲ ಬಿಡ್ರಿ" ಅಂತ ಮೂಲೆಗೆ ಎಸೆಯುವವರೇ ಜಾಸ್ತಿ. ಡಾಕ್ಟರು ಹೇಳಿದಷ್ಟು ದಿನ, ದಿನಾ ಹಾಕಬೇಕು. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ), ಕಣ್ಣಿನ ಪೊರೆ ಇದ್ದರೆ ಮೊದಲೇ ತಿಳಿಸಿ.

ಹಾಕುವ ರೀತಿಯಲ್ಲೇ ಬಹಳ ಜನ ತಪ್ಪುತ್ತಾರೆ. ಮೊದಲು ಮೂಗು ತೊಳೆಯಿರಿ, ಹತ್ತು ನಿಮಿಷ ಬಿಡಿ. ತಲೆ ತುಸು ಮುಂದೆ ಬಗ್ಗಲಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಆಗ ತುದಿ ತಾನಾಗಿ ಹೊರಗಡೆಗೆ, ಅದೇ ಕಡೆಯ ಕಣ್ಣಿನ ಹೊರ ಮೂಲೆಯ ಕಡೆಗೆ ತಿರುಗುತ್ತದೆ. ಮೂಗಿನ ನಡುಗೋಡೆಗೆ ಹೊಡೆದರೆ ಅಲ್ಲಿ ಒಣಗಿ ರಕ್ತ ಬರುತ್ತದೆ. ಜೋರಾಗಿ ಎಳೆದುಕೊಳ್ಳಬೇಡಿ. ಗಂಟಲಿಗೆ ಕಹಿ ಬಂತು ಅಂದರೆ ಔಷಧ ಹೊಟ್ಟೆಗೆ ಹೋಯಿತು, ಮೂಗಿಗೆ ಸಿಗಲಿಲ್ಲ.

ಮನೆಯೊಳಗೆ: ಕೌದಿ, ಕೂಲರ್, ಒಲೆ

ಅಜ್ಜಿ ಹೊಲಿದ ಕೌದಿ ಬಿಟ್ಟು ಮಲಗಿದರೆ ನಿದ್ದೆ ಬರದು ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಹಳೆ ಸೀರೆಗಳ ಆ ಪದರುಗಳಲ್ಲಿ ಧೂಳುನುಸಿ ಸುಖವಾಗಿ ಸಂಸಾರ ಮಾಡುತ್ತವೆ. ವರ್ಷಕ್ಕೊಮ್ಮೆ ದಸರೆಗೆ ಹಳ್ಳಕ್ಕೆ ಒಯ್ದು ತೊಳೆದರೆ ಸಾಲದು. ಟ್ರಂಕಿನಿಂದ ತೆಗೆದ ಕೌದಿಯನ್ನು ತೊಳೆಯದೆ ಹೊದೆಯಬೇಡಿ. ಹೊದಿಕೆ, ದಿಂಬಿನ ಚೀಲವನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ನುಸಿ ಸಾಯಲು ನೀರು 60 ಡಿಗ್ರಿ ಸೆಲ್ಸಿಯಸ್ ಇರಬೇಕು. ಒಗೆಯಲಾಗದ ಗಾದಿಯನ್ನು ನಮ್ಮ ಬಿಸಿಲಿಗೆ ದಿನವಿಡೀ ಹಾಕಿ. ಬಡಿದು ಧೂಳು ಕೊಡವುವ ಕೆಲಸ ಸೈನಸ್ ಇಲ್ಲದವರು ಮಾಡಲಿ.

ನುಸಿಗೆ ತೇವ ಬೇಕು. ವಿಜಯಪುರದ ಒಣ ಬೇಸಿಗೆಯಲ್ಲಿ ಅವು ಸೊರಗಬೇಕು. ಸೊರಗಲು ಬಿಡದಿರುವುದು ನಮ್ಮ ಏರ್ ಕೂಲರ್. ಕಿಟಕಿ ಮುಚ್ಚಿ ರಾತ್ರಿಯಿಡೀ ಕೂಲರ್ ಓಡಿಸಿದರೆ ಕೋಣೆ ಬೆಳಗಾವಿಯ ಮಳೆಗಾಲವಾಗುತ್ತದೆ. ಮೇಲಾಗಿ ಹೋದ ವರ್ಷದ ಪ್ಯಾಡಿನಲ್ಲಿ ಬೂಸು ಕೂತಿರುತ್ತದೆ. ಕೂಲರ್ ಹಾಕಿದ ವಾರವೇ ಮೂಗು ಕಟ್ಟಿತು ಅಂದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಯುಗಾದಿಗೆ ಮೊದಲು ಪ್ಯಾಡ್ ಬದಲಿಸಿ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ತಿಕ್ಕಿ ತೊಳೆಯಿರಿ. ಗಾಳಿ ನೇರ ಮುಖಕ್ಕೆ ಬೀಸದಿರಲಿ, ಒಂದು ಕಿಟಕಿ ತುಸು ತೆರೆದಿರಲಿ.

ಕಟ್ಟಿಗೆ ಒಲೆಯ ಮೇಲಿನ ರೊಟ್ಟಿಯ ರುಚಿ ಬೇರೆಯೇ, ಒಪ್ಪುತ್ತೇನೆ. ಆದರೆ ಆ ಹೊಗೆ ಮೂಗಿನೊಳಗಿನ ರೋಮಗಳನ್ನು ಮಂಕು ಮಾಡುತ್ತದೆ. ಒಲೆ ಬಿಡಲಾಗದಿದ್ದರೆ ಹೊಗೆ ಹೋಗುವ ದಾರಿಯನ್ನಾದರೂ ದೊಡ್ಡದು ಮಾಡಿ. ಬೀಡಿ, ಸಿಗರೇಟು, ನಶ್ಯ ಇದ್ದಷ್ಟು ದಿನ ಮಿಕ್ಕಿದ್ದೆಲ್ಲ ಅರ್ಧಂಬರ್ಧ ಕೆಲಸ. ನೀವು ಸೇದದಿದ್ದರೂ ಮನೆಯಲ್ಲಿ ಇನ್ನೊಬ್ಬರು ಸೇದಿದರೆ ಅದೂ ತಟ್ಟುತ್ತದೆ.

ಮೊಸರು, ಬಾಳೆಹಣ್ಣು ಬಿಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹಾಲು ಮೊಸರಿನಿಂದ ಸಿಂಬಳ ಜಾಸ್ತಿ ಉತ್ಪತ್ತಿ ಆಗುವುದಿಲ್ಲ. ತಿಂದರೆ ನಿಮಗೇ ಆಗಿಬರುವುದಿಲ್ಲ ಅನಿಸಿದರೆ ಬಿಡಿ, ಇಲ್ಲದಿದ್ದರೆ ರೊಟ್ಟಿ ಜೊತೆಗಿನ ಕೆನೆಮೊಸರು ಸುಮ್ನೆ ಯಾಕೆ ಬಿಡುತ್ತೀರಿ?

ಮತ್ತೆ ಬಂತು. ಈಗ ಏನು?

ಮೊದಲ ಹತ್ತು ದಿನ ಬಹುತೇಕ ವೈರಸ್‌ನದ್ದು. ಆಂಟಿಬಯಾಟಿಕ್ ವೈರಸ್‌ಗೆ ಏನೂ ಮಾಡದು. ಸಿಂಬಳ ಹಳದಿ, ಹಸಿರಾದರೂ ಅದೊಂದೇ ಕಾರಣಕ್ಕೆ ಆಂಟಿಬಯಾಟಿಕ್ ಬೇಕಿಲ್ಲ. ಉಪ್ಪುನೀರು, ಡಾಕ್ಟರು ಹೇಳಿದ್ದರೆ ಸ್ಪ್ರೇ, ನೋವಿಗೆ ಪ್ಯಾರಾಸಿಟಮಾಲ್, ಬಿಸಿನೀರು, ಕಷಾಯ, ನಿದ್ದೆ. ತಲೆಯ ಕೆಳಗೆ ಇನ್ನೊಂದು ದಿಂಬು ಇಟ್ಟರೆ ರಾತ್ರಿ ಹಗುರ. ಹಬೆ ಹಿತ ಕೊಡುತ್ತದೆ, ರೋಗ ವಾಸಿ ಮಾಡದು. ಮಕ್ಕಳಿಗೆ ಕುದಿಯುವ ಪಾತ್ರೆಯ ಹಬೆ ಬೇಡವೇ ಬೇಡ. ಪಾತ್ರೆ ಮಗುಚಿ ತೊಡೆ ಸುಟ್ಟುಕೊಳ್ಳುವುದು ಹೀಗೇ.

ಡಾಕ್ಟರಲ್ಲಿಗೆ ಹೋಗಬೇಕಾದ್ದು ಯಾವಾಗ? ಹತ್ತು ದಿನವಾದರೂ ಸ್ವಲ್ಪವೂ ಇಳಿಯದಿದ್ದರೆ. ಐದಾರು ದಿನಕ್ಕೆ ಹಗುರಾಗಿ ಮತ್ತೆ ಕೆರಳಿದರೆ. ಮೊದಲಿನಿಂದಲೇ 102 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ಕೀವಿನಂಥ ಸಿಂಬಳ, ಮುಖದ ನೋವು ಮೂರ್ನಾಲ್ಕು ದಿನ ಬಿಡದಿದ್ದರೆ. ಆಗ ಆಂಟಿಬಯಾಟಿಕ್ ಬರೆದರೆ ಹೇಳಿದಷ್ಟು ದಿನ ತಗೊಳ್ಳಿ. ಅರ್ಧ ಉಳಿಸಿ ಮುಂದಿನ ಸಲಕ್ಕೆ ಇಟ್ಟುಕೊಳ್ಳಬೇಡಿ, ಅಳಿಯನಿಗೂ ಕೊಡಬೇಡಿ.

ಕಣ್ಣಿನ ಸುತ್ತ ಊತ ಅಥವಾ ಕೆಂಪು, ಒಂದು ಎರಡಾಗಿ ಕಾಣುವುದು, ತಡೆಯಲಾಗದ ತಲೆನೋವು, ಕತ್ತು ಬಿಗಿಯುವುದು, ಮಂಪರು. ಇವು ಬಂದರೆ ಬೆಳಗಾಗುವವರೆಗೆ ಕಾಯಬೇಡಿ, ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದವರು ಇನ್ನೂ ಎಚ್ಚರ. ಕೆನ್ನೆ ಜೋಮು ಹಿಡಿದರೆ, ಮೂಗಿನಲ್ಲೋ ಬಾಯಿಯ ಅಂಗಳದಲ್ಲೋ ಕಪ್ಪು ಕಂಡರೆ ಒಂದು ತಾಸೂ ತಡ ಮಾಡಬೇಡಿ. 2021ರಲ್ಲಿ ಕಪ್ಪು ಶಿಲೀಂಧ್ರ ಹೆಚ್ಚಾಗಿ ಹಿಡಿದದ್ದು ಸಕ್ಕರೆ ಹತೋಟಿಯಲ್ಲಿಲ್ಲದವರನ್ನೇ.

ಇಎನ್‌ಟಿ ಡಾಕ್ಟರನ್ನು ಕಾಣುವಾಗ

ವರ್ಷಕ್ಕೆ ನಾಲ್ಕು ಸಲ ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಇಲ್ಲವೇ ಮೂರು ತಿಂಗಳಾದರೂ ಬಿಡದಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಲೇಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಅಲ್ಲಿ ಈ ವಿಭಾಗ ಇರುತ್ತದೆ. ಕ್ಯಾಲೆಂಡರಿನ ಗುರುತುಗಳ ಫೋಟೊ, ಹಳೆ ಚೀಟಿ ಒಯ್ಯಿರಿ.

ಅವರು ತೆಳ್ಳನೆ ದುರ್ಬೀನು ಹಾಕಿ ಮೂಗಿನೊಳಗೆ ನೋಡುತ್ತಾರೆ. ನೋವು ಅಂಥದ್ದೇನಿಲ್ಲ, ಕಚಗುಳಿ ಅನಿಸುತ್ತದೆ. ಬೇಕಾದರೆ ಸಿಟಿ ಸ್ಕ್ಯಾನ್ ಹೇಳುತ್ತಾರೆ. ಸಾದಾ ಎಕ್ಸ್‌ರೇಯಿಂದ ಹೆಚ್ಚು ತಿಳಿಯುವುದಿಲ್ಲ. ಮೂಗಿನ ನಡುಗೋಡೆ ಸೊಟ್ಟ, ದುರ್ಮಾಂಸ (ಪಾಲಿಪ್), ಶಿಲೀಂಧ್ರದ ಗಂಟು, ಮಕ್ಕಳಾದರೆ ಮೂಗಿನ ಹಿಂದೆ ಊದಿಕೊಳ್ಳುವ ಅಡಿನಾಯ್ಡ್ ಗಡ್ಡೆ, ಹೀಗೆ ಏನಾದರೂ ಸಿಗಬಹುದು. ದುರ್ಮಾಂಸದ ಜೊತೆ ದಮ್ಮು ಇದ್ದವರಿಗೆ ಆಸ್ಪಿರಿನ್, ಐಬುಪ್ರೊಫೆನ್ ಆಗದೇ ಇರಬಹುದು. ಅದನ್ನು ಕೇಳಿಕೊಳ್ಳಿ.

ತೊಂದರೆ ಯಾವಾಗಲೂ ಒಂದೇ ಕಡೆ, ಜೊತೆಗೆ ಕೆಟ್ಟ ವಾಸನೆ ಅಂದರೆ ಹಲ್ಲಿನ ಡಾಕ್ಟರಿಗೂ ತೋರಿಸಿ. ಮೇಲಿನ ದವಡೆ ಹಲ್ಲಿನ ಬೇರು ಕೆನ್ನೆಯ ಗೂಡಿನ ನೆಲಕ್ಕೆ ತಾಗಿಕೊಂಡೇ ಇರುತ್ತದೆ. ಹುಳುಕು ಹಲ್ಲು ಹಾಗೇ ಇಟ್ಟುಕೊಂಡು ವರ್ಷಗಟ್ಟಲೆ ಮೂಗಿಗೆ ಔಷಧ ಹಾಕಿದರೆ ಏನು ಬಂತು?

ಔಷಧಕ್ಕೆ ಬಗ್ಗದಿದ್ದರೆ ದುರ್ಬೀನಿನ ಆಪರೇಷನ್ ಇದೆ. ಹೊರಗೆ ಗಾಯ ಕಾಣುವುದಿಲ್ಲ, ಮೂಗಿನೊಳಗಿಂದಲೇ ಕಟ್ಟಿದ ತೂತುಗಳನ್ನು ಅಗಲ ಮಾಡುತ್ತಾರೆ. "ಮಾಡಿಸಿದರೂ ಮತ್ತೆ ಬರತೈತಿ" ಅನ್ನುವವರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಅಲರ್ಜಿ ಇದ್ದವರಿಗೆ, ದುರ್ಮಾಂಸ ಬೆಳೆಯುವವರಿಗೆ ತಿರುಗಿ ಬರಬಹುದು. ಆಪರೇಷನ್ ಮಾಡುವುದು ಉಪ್ಪುನೀರು, ಸ್ಪ್ರೇ ಗೂಡಿನೊಳಗೆ ತಲುಪುವ ಹಾಗೆ. ಹಾಗಾಗಿ ಆಮೇಲೂ ತೊಳೆಯುವುದನ್ನು ಬಿಡುವಂತಿಲ್ಲ. ಒಪ್ಪಿಗೆ ಕೊಡುವ ಮೊದಲು ಎಷ್ಟು ದಿನ ರಜೆ ಬೇಕು, ಎಷ್ಟು ಸಲ ಮೂಗು ಸ್ವಚ್ಛ ಮಾಡಿಸಿಕೊಳ್ಳಲು ಬರಬೇಕು, ಬಿಪಿಎಲ್ ಕಾರ್ಡಿದ್ದರೆ ಸರ್ಕಾರದ ಯೋಜನೆಯಲ್ಲಿ ಏನು ಸಿಗುತ್ತದೆ ಅಂತ ಕೇಳಿ ಬರೆದುಕೊಳ್ಳಿ. ರಾಶಿ, ಕಬ್ಬಿನ ಹಂಗಾಮು ಎದುರಿಗಿದ್ದರೆ ದಿನಾಂಕವನ್ನು ಅದು ಮುಗಿದ ಮೇಲಕ್ಕೆ ಕೇಳಿ. ಆಪರೇಷನ್ ಆದ ಮೊದಲ ಕೆಲವು ವಾರ ಧೂಳು, ಭಾರ ಎತ್ತುವುದು, ಜೋರಾಗಿ ಸೀದುವುದು ಮೂರೂ ಬೇಡ.